ಬಿಸಿಲಿಗೊಂದು ಕಣಜ

2025ನೆಯ ಇಸವಿಯ ಏಪ್ರಿಲ್ 28, ಸೋಮವಾರ. ಸ್ಪೇನ್ ದೇಶದ ಗಡಿಯಾರಗಳಲ್ಲಿ ಮಧ್ಯಾಹ್ನ 12 ಗಂಟೆ 33 ನಿಮಿಷ. ವಸಂತ ಋತುವಿನ ಒಳ್ಳೆಯ ಬಿಸಿಲು. ಆ ದೇಶದ ಬಯಲುಗಳಲ್ಲಿ ಹರಡಿಕೊಂಡಿರುವ ಸೌರಫಲಕಗಳು ನಾಡಿಗೆ ಬೇಕಾದ ವಿದ್ಯುಚ್ಛಕ್ತಿಯ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಒದಗಿಸುತ್ತಿದ್ದ ಸಮಯ. ಅಂತಹ ಹೊತ್ತಿನಲ್ಲಿ, ಕೆಲವೇ ಸೆಕೆಂಡುಗಳ ಅವಧಿಯಲ್ಲಿ, ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳೆರಡರಲ್ಲಿಯೂ ವಿದ್ಯುತ್ತು ನಿಂತುಹೋಯಿತು. ರೈಲುಗಳು ನಿಂತಲ್ಲಿಯೇ ನಿಂತವು. ಲಿಫ್ಟುಗಳಲ್ಲಿ ಜನ ಸಿಕ್ಕಿಕೊಂಡರು. ರಸ್ತೆಗಳ ಸಂಚಾರದೀಪಗಳು ಆರಿದವು. ಬಹುಪಾಲು ಊರುಗಳಿಗೆ ಬೆಳಕು ಮರಳಿದುದು ಅಂದಿನ ರಾತ್ರಿ ಅಥವಾ ಮರುದಿನದ ಬೆಳಗಿನ ಜಾವದಲ್ಲಿ.

ಈ ದೊಡ್ಡ ಸುದ್ದಿಯೊಳಗೆ ಒಂದು ಸಣ್ಣ ಸುದ್ದಿಯೂ ಅಡಗಿತ್ತು. ಮನೆಯ ಮಾಳಿಗೆಯ ಮೇಲೆ ಸ್ವಂತ ಸೌರಫಲಕಗಳನ್ನು ಹಾಕಿಸಿಕೊಂಡಿದ್ದ ಕುಟುಂಬಗಳಲ್ಲಿ ಅನೇಕರು ಉಳಿದವರಂತೆಯೇ ವಿದ್ಯುತ್ತಿಲ್ಲದೆ ಕುಳಿತರು! ನೆತ್ತಿಯ ಮೇಲೆ ಸೂರ್ಯ, ಮಾಳಿಗೆಯ ಮೇಲೆ ಫಲಕ. ಆದರೂ ಕೆಳಗಿನ ಅಡುಗೆಮನೆಯಲ್ಲಿ ಫ್ರಿಜ್ ಮೂಕವಾಗಿತ್ತು. ಫಲಕದ ಜೊತೆಗೆ ಬ್ಯಾಟರಿಯನ್ನೂ ಅದಕ್ಕೆ ತಕ್ಕ ಇನ್ವರ್ಟರನ್ನೂ ಇಟ್ಟುಕೊಂಡಿದ್ದವರ ಮನೆಗಳಲ್ಲಿ ಮಾತ್ರ ದೀಪ ಉರಿಯಿತು.

ಇದು ಸಮುದ್ರದಾಚೆಯ ವಿಚಿತ್ರವೆಂದು ನಾವು ತಿಳಿಯಬೇಕಾಗಿಲ್ಲ. ಮೇ ತಿಂಗಳ ಗಾಳಿಮಳೆಗೆ ಬೆಂಗಳೂರಿನ ಯಾವುದೋ ಬಡಾವಣೆಯಲ್ಲಿ ಮರದ ಕೊಂಬೆಯೊಂದು ತಂತಿಯ ಮೇಲೆ ಮುರಿದು ಬಿದ್ದರೆ, ಆ ಬೀದಿಯಲ್ಲಿ ಸೌರಫಲಕವಿರುವ ಮನೆಯೂ ಇಲ್ಲದ ಮನೆಯೂ ಒಟ್ಟಿಗೆ ಕತ್ತಲೆಗೆ ಹೋಗುತ್ತವೆ. ಲಕ್ಷಾಂತರ ರೂಪಾಯಿ ತೆತ್ತು ಫಲಕ ಹಾಕಿಸಿದ ಗೃಹಸ್ಥರು, ‘ನಮ್ಮ ಮನೆಗೆ ಇನ್ನು ಕರೆಂಟು ಹೋಗುವುದೆಂಬುದೇ ಇಲ್ಲ’ ಎಂದು ನೆರೆಯವರಿಗೆ ಹೇಳಿಕೊಂಡ ವಾರದಲ್ಲಿಯೇ ಇಂತಹ ಪ್ರಸಂಗ ಒದಗಿದರೆ ಅವರ ಮುಖ ನೋಡುವಂತಿರುತ್ತದೆ. ದೋಷ ಫಲಕದ್ದೂ ಅಲ್ಲ, ಹಾಕಿದವರದ್ದೂ ಅಲ್ಲ. ಬಿಸಿಲಿನಿಂದ ವಿದ್ಯುತ್ತನ್ನು ಮಾಡುವುದು ಒಂದು ಕೆಲಸ. ಮಾಡಿದ ವಿದ್ಯುತ್ತನ್ನು ಕೂಡಿಡುವುದು ಇನ್ನೊಂದು ಕೆಲಸ. ಎರಡಕ್ಕೂ ಬೇರೆ ಬೇರೆ ಸಲಕರಣೆಗಳು, ಬೇರೆ ಬೇರೆ ಖರ್ಚು. ಈ ಭೇದವನ್ನು ಮೊದಲೇ ಅರಿತುಕೊಳ್ಳದೆ ಹಣ ಹಾಕುವವರು ಈಗ ನಮ್ಮ ನಗರಗಳಲ್ಲಿ ಬಹಳ ಮಂದಿ.

ಫಲಕವಿದ್ದೂ ಕತ್ತಲೆ ಏಕೆ?

ನಮ್ಮ ನಗರಗಳ ಮಾಳಿಗೆಗಳ ಮೇಲಿರುವ ಸೌರವ್ಯವಸ್ಥೆಗಳಲ್ಲಿ ಹೆಚ್ಚಿನವು ‘ಗ್ರಿಡ್’ಗೆ, ಅಂದರೆ ಸರಬರಾಯಿ ಕಂಪನಿಯ ತಂತಿಯ ಜಾಲಕ್ಕೆ, ಹೊಂದಿಕೊಂಡು ನಡೆಯತಕ್ಕವು. ಫಲಕದಿಂದ ಬರುವುದು ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್ತು. ಮನೆಯ ಉಪಕರಣಗಳಿಗೆ ಬೇಕಾದುದು ಸೆಕೆಂಡಿಗೆ 50 ಆವರ್ತನೆಗಳ ವಿದ್ಯುತ್ತು. ಒಂದನ್ನು ಇನ್ನೊಂದಾಗಿ ಮಾರ್ಪಡಿಸುವ ಯಂತ್ರವೇ ಇನ್ವರ್ಟರ್. ಈ ಯಂತ್ರವು ಬೀದಿಯ ತಂತಿಯಲ್ಲಿ ಬರುವ ತಾಳವನ್ನು ಕೇಳಿಕೊಂಡು ಅದಕ್ಕೆ ಸರಿಯಾಗಿ ತಾನೂ ಹೆಜ್ಜೆ ಹಾಕುತ್ತದೆ. ತಾಳ ನಿಂತೊಡನೆ, ಒಂದೆರಡು ಸೆಕೆಂಡುಗಳೊಳಗೆ, ಅದೂ ನಿಲ್ಲತಕ್ಕದ್ದು ಎಂಬುದು ನಿಯಮ.

ಇಷ್ಟು ಕಠಿಣವಾದ ನಿಯಮವನ್ನು ಮಾಡಿರುವುದು ಕಂಬದ ಮೇಲೆ ಹತ್ತಿರುವ ಲೈನ್‌ಮನ್ನನ ಪ್ರಾಣಕ್ಕಾಗಿ. ಬೀದಿಯ ವಿದ್ಯುತ್ತನ್ನು ನಿಲ್ಲಿಸಿ ಆತನು ತಂತಿಯನ್ನು ಮುಟ್ಟಿರುತ್ತಾನೆ. ಆಗ ಯಾರದೋ ಮಾಳಿಗೆಯ ಫಲಕ ತನ್ನ ಪಾಡಿಗೆ ತಾನು ತಂತಿಗೆ ವಿದ್ಯುತ್ತನ್ನು ತುಂಬುತ್ತಿದ್ದರೆ ಗತಿಯೇನು? ಅಷ್ಟೇ ಅಲ್ಲ. ಬೀದಿಯ ಕೊನೆಯ ಟ್ರಾನ್ಸ್‌ಫಾರ್ಮರ್ 11,000 ವೋಲ್ಟಿನ ವಿದ್ಯುತ್ತನ್ನು ಮನೆಬಳಕೆಯ ಮಟ್ಟಕ್ಕೆ ಇಳಿಸಿಕೊಡುವ ಯಂತ್ರ. ಮನೆಯ ಕಡೆಯಿಂದ ಹಿಮ್ಮುಖವಾಗಿ ವಿದ್ಯುತ್ತು ನುಗ್ಗಿದರೆ ಅದೇ ಯಂತ್ರ ಅದನ್ನು ಮತ್ತೆ 11,000 ವೋಲ್ಟಿಗೆ ಏರಿಸುತ್ತದೆ. ಆದುದರಿಂದ, ‘ನಮ್ಮ ಇನ್ವರ್ಟರ್ ಕರೆಂಟು ಹೋದಾಗಲೂ ಓಡುವಂತೆ ಏನಾದರೂ ಉಪಾಯ ಮಾಡಿಕೊಡಿ’ ಎಂದು ಪರಿಚಯದ ಎಲೆಕ್ಟ್ರಿಶಿಯನ್‌ನನ್ನು ಯಾರೂ ಕೇಳಬಾರದು. ಸರಿಯಾದ ದಾರಿ ಬೇರೆಯೇ ಇದೆ. ‘ಹೈಬ್ರಿಡ್’ ಎಂದು ಕರೆಯುವ ಇನ್ವರ್ಟರು, ಬೀದಿಯಲ್ಲಿ ವಿದ್ಯುತ್ತು ಹೋದೊಡನೆ ಮನೆಯನ್ನು ತಂತಿಯಿಂದ ಸಂಪೂರ್ಣವಾಗಿ ಕಡಿದುಕೊಂಡು, ಬ್ಯಾಟರಿಯ ಆಧಾರದಿಂದ ತಾನೇ ತಾಳ ಹಾಕುತ್ತ ಮನೆಯೊಳಗಿನ ದೀಪಗಳನ್ನು ನಡೆಸುತ್ತದೆ.

ವಿದ್ಯುತ್ತು ಅಕ್ಕಿ ರಾಗಿಗಳಂತೆ ಉಗ್ರಾಣದಲ್ಲಿ ತುಂಬಿಡುವ ಪದಾರ್ಥವಲ್ಲವೆಂಬುದು ಈ ಎಲ್ಲ ತೊಡಕಿನ ಮೂಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿದಾಗಲೂ, 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದಾಗಲೂ ಇದ್ದ ಕಟ್ಟುಪಾಡು ಇಂದಿಗೂ ಇದೆ. ಈ ಕ್ಷಣದಲ್ಲಿ ಎಷ್ಟು ಬೇಕೋ ಅಷ್ಟನ್ನು ಈ ಕ್ಷಣದಲ್ಲಿಯೇ ತಯಾರಿಸಬೇಕು. ಕಾವೇರಿಯ ನೀರನ್ನು ಕಟ್ಟೆಯ ಹಿಂದೆ ನಿಲ್ಲಿಸಿ, ಬೇಕಾದಾಗ ಬಿಡಬಹುದಾಗಿತ್ತು. ಬಿಸಿಲನ್ನು ಹಾಗೆ ನಿಲ್ಲಿಸುವುದೆಂತು? ಅದು ಬರುವುದು ಹಗಲಿನಲ್ಲಿ. ದೀಪ ಹಚ್ಚುವುದು ಸಂಜೆಯಲ್ಲಿ.

ಸೀಸದಿಂದ ಲಿಥಿಯಮ್‌ವರೆಗೆ

ಬೆಳಕು ಬಿದ್ದರೆ ವಿದ್ಯುತ್ತು ಹುಟ್ಟುವುದೆಂಬುದನ್ನು ಫ್ರಾನ್ಸಿನ ಎಡ್ಮಂಡ್ ಬೆಕೆರೆಲ್ 1839ರಷ್ಟು ಹಿಂದೆಯೇ ಕಂಡಿದ್ದನು. ಕೆಲಸಕ್ಕೆ ಬರುವಂತಹ ಸಿಲಿಕನ್ ಸೌರಕೋಶವನ್ನು ಅಮೆರಿಕದ ಬೆಲ್ ಪ್ರಯೋಗಶಾಲೆಯವರು 1954ರಲ್ಲಿ ಪ್ರದರ್ಶಿಸಿದರು. ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಅದು ವಿದ್ಯುತ್ತಾಗಿ ಮಾರ್ಪಡಿಸುತ್ತಿದ್ದುದು ನೂರಕ್ಕೆ ಆರು ಪಾಲು ಮಾತ್ರ. ಇಂದು ಅಂಗಡಿಯಲ್ಲಿ ಸಿಗುವ ಒಳ್ಳೆಯ ಫಲಕ ಇಪ್ಪತ್ತು ಪಾಲನ್ನು ಮುಟ್ಟಿ ಮುಂದೆ ಹೋಗಿದೆ.

ಕೂಡಿಡುವ ಕಲೆಯೂ ಹಳೆಯದೇ. ಸೀಸದ ತಗಡುಗಳನ್ನು ಗಂಧಕಾಮ್ಲದಲ್ಲಿ ಮುಳುಗಿಸಿ, ಮತ್ತೆ ಮತ್ತೆ ತುಂಬಬಹುದಾದ ಬ್ಯಾಟರಿಯನ್ನು ಗಾಸ್ಟನ್ ಪ್ಲಾಂಟೆ ಎಂಬಾತನು ಮಾಡಿದುದು 1859ರಲ್ಲಿ. ನಮ್ಮ ಮನೆಗಳ ಮೆಟ್ಟಿಲ ಕೆಳಗೆ, ಯು.ಪಿ.ಎಸ್. ಪೆಟ್ಟಿಗೆಯ ಪಕ್ಕದಲ್ಲಿ ಕುಳಿತು ಕಾಲಕಾಲಕ್ಕೆ ಡಿಸ್ಟಿಲ್ಡ್ ವಾಟರ್ ಬೇಡುವ ಬ್ಯಾಟರಿ ಈತನ ವಂಶದ್ದೇ. ಅಗ್ಗ, ಎಲ್ಲ ಊರುಗಳಲ್ಲಿಯೂ ಸಿಗುತ್ತದೆ, ರಿಪೇರಿ ಬಲ್ಲವರು ಬೀದಿಗೊಬ್ಬರಿದ್ದಾರೆ. ಆದರೆ ಒಳಗಿರುವುದನ್ನು ಪೂರ್ತಿ ಬರಿದು ಮಾಡಿದಷ್ಟೂ ಅದರ ಆಯುಸ್ಸು ಕುಗ್ಗುತ್ತದೆ. ಅರ್ಧ ತೆಗೆದು ಅರ್ಧ ಬಿಡುವುದು ಬಲ್ಲವರ ಪದ್ಧತಿ. ಸೆಖೆ ಅದಕ್ಕೆ ಶತ್ರು. ಬ್ಯಾಟರಿಯ ಉಷ್ಣತೆ ಹತ್ತು ಡಿಗ್ರಿ ಏರಿದರೆ ಬಾಳಿಕೆ ಸುಮಾರು ಅರ್ಧಕ್ಕೆ ಇಳಿಯುವುದೆಂದು ಲೆಕ್ಕ. ಜೊತೆಗೆ, ತುಂಬುವಾಗ ಜಲಜನಕ ಅನಿಲವನ್ನು ಬಿಡುವುದರಿಂದ ಗಾಳಿಯಾಡದ ಕಪಾಟಿನಲ್ಲಿಯೋ, ದೀಪ ಉರಿಯುವ ದೇವರ ಕೋಣೆಯ ಪಕ್ಕದಲ್ಲಿಯೋ ಅದನ್ನು ಇಡುವುದು ಸಲ್ಲದು.

ಲಿಥಿಯಮ್ ಬ್ಯಾಟರಿ ನಿನ್ನೆ ಮೊನ್ನೆಯದು. ಅದರ ಜನಕರೆಂದು ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, ಜಾನ್ ಗುಡೆನಫ್, ಅಕಿರಾ ಯೋಶಿನೊ ಎಂಬ ಮೂವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು. ಆಗ ಗುಡೆನಫ್ ಅವರಿಗೆ 97 ವರ್ಷ ವಯಸ್ಸು! ಮೊಬೈಲ್ ಫೋನುಗಳಲ್ಲಿರುವ ಲಿಥಿಯಮ್ ಬ್ಯಾಟರಿಗೂ ಮನೆಗೆ ತರುವ ಬ್ಯಾಟರಿಗೂ ಒಳಗಿನ ದ್ರವ್ಯದಲ್ಲಿ ವ್ಯತ್ಯಾಸವುಂಟು. ಮನೆಗೆ ಹೆಚ್ಚಾಗಿ ಬರುವುದು ಲಿಥಿಯಮ್, ಕಬ್ಬಿಣ, ಫಾಸ್ಫೇಟ್ ಸೇರಿದ ಬಗೆ. ಬೇಗನೆ ಬಿಸಿಯೇರಿ ಹೊತ್ತಿಕೊಳ್ಳುವ ಸ್ವಭಾವ ಇದರಲ್ಲಿ ಕಡಮೆ. ಈ ಬಗೆಯನ್ನು ಲೋಕಕ್ಕೆ ತಿಳಿಸಿದುದು ಗುಡೆನಫ್ ಅವರ ಟೆಕ್ಸಸ್ ಪ್ರಯೋಗಶಾಲೆಯಿಂದ 1997ರಲ್ಲಿ ಹೊರಬಂದ ಒಂದು ಪ್ರಬಂಧ. ಅದರ ಮೇಲಿರುವ ಮೂರು ಹೆಸರುಗಳಲ್ಲಿ ಎರಡು ಭಾರತೀಯರವು: ಎ. ಕೆ. ಪಾಢಿ ಮತ್ತು ಕೆ. ಎಸ್. ನಂಜುಂಡಸ್ವಾಮಿ. ಎರಡನೆಯ ಹೆಸರಂತೂ ನಮ್ಮ ವಾಚಕರ ಕಿವಿಗೆ ಎಷ್ಟು ಹತ್ತಿರದ್ದೆಂದು ಹೇಳಬೇಕಾಗಿಲ್ಲ.

ಈ ಬ್ಯಾಟರಿಯಲ್ಲಿ ತುಂಬಿದುದರ ಎಂಬತ್ತು ತೊಂಬತ್ತು ಪಾಲನ್ನು ನಿರ್ಭಯವಾಗಿ ತೆಗೆಯಬಹುದು. ಸಾವಿರಾರು ಸಲ ತುಂಬಿ ಬರಿದು ಮಾಡಿದರೂ ತಡೆಯುತ್ತದೆ. ನೀರು ಹಾಕುವ ಗೋಜಿಲ್ಲ. ಕೊಳ್ಳುವಾಗಿನ ಬೆಲೆಯೇ ಇದರ ದೊಡ್ಡ ತೊಡಕು.

ಬ್ಯಾಟರಿಯೊಡನೆ ಸೌರದೀಪವನ್ನು ನಡೆಸುವ ವಿದ್ಯೆಯಲ್ಲಿ ನಮ್ಮ ನಗರಗಳಿಗಿಂತ ಹಳ್ಳಿಗಳೇ ಮುಂದು. ಹರೀಶ್ ಹಂದೆಯವರು 1995ರಲ್ಲಿ ಆರಂಭಿಸಿದ ಸೆಲ್ಕೋ ಸಂಸ್ಥೆಯು ಕರ್ನಾಟಕದ ಹಳ್ಳಿಮನೆಗಳಿಗೆ ಒಂದು ಸಣ್ಣ ಫಲಕ, ಒಂದು ಬ್ಯಾಟರಿ, ಕೆಲವು ದೀಪಗಳ ವ್ಯವಸ್ಥೆಯನ್ನು ಬ್ಯಾಂಕಿನ ಸಾಲದ ಏರ್ಪಾಡಿನೊಡನೆ ಒದಗಿಸುತ್ತ ಬಂದಿದೆ. ಈ ಸೇವೆಗಾಗಿ ಅವರಿಗೆ 2011ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ದೊರೆಯಿತು. ಅಲ್ಲಿ ಮೊದಲು ಕೇಳುವ ಪ್ರಶ್ನೆ ‘ಎಷ್ಟು ಕಿಲೋವಾಟ್ ಬೇಕು?’ ಎಂಬುದಲ್ಲ, ‘ರಾತ್ರಿ ಯಾವ ಯಾವ ಕೆಲಸಕ್ಕೆ ಬೆಳಕು ಬೇಕು?’ ಎಂಬುದು. ನಗರದವರೂ ಅಲ್ಲಿಂದಲೇ ಲೆಕ್ಕ ಆರಂಭಿಸುವುದು ಲೇಸು.

ತೊಟ್ಟಿ ಮತ್ತು ನಲ್ಲಿ

ಬ್ಯಾಟರಿಯನ್ನು ನೀರಿನ ತೊಟ್ಟಿಗೆ ಹೋಲಿಸಿದರೆ ವಿಷಯ ಸುಲಭವಾಗಿ ತಿಳಿಯುತ್ತದೆ. ತೊಟ್ಟಿಯಲ್ಲಿ ಎಷ್ಟು ನೀರು ಹಿಡಿಯುವುದೆಂಬುದು ಒಂದು ಅಳತೆ. ಇದು ‘ಯೂನಿಟ್’ಗಳಲ್ಲಿ, ಅಂದರೆ ಮೀಟರಿನಲ್ಲಿ ನಾವು ಕಾಣುವ ಅದೇ ಯೂನಿಟ್. ಅದಕ್ಕೆ ಹಾಕಿದ ನಲ್ಲಿಯಿಂದ ಒಂದು ಸಲಕ್ಕೆ ಎಷ್ಟು ರಭಸದಲ್ಲಿ ನೀರು ಬರುವುದೆಂಬುದು ಇನ್ನೊಂದು ಅಳತೆ. ಇದು ಇನ್ವರ್ಟರಿನ ಕಿಲೋವಾಟ್. ದೊಡ್ಡ ತೊಟ್ಟಿಗೆ ಸಣ್ಣ ನಲ್ಲಿ ಹಾಕಿದರೆ ಮಿಕ್ಸಿ ತಿರುಗದು. ಸಣ್ಣ ತೊಟ್ಟಿಗೆ ದೊಡ್ಡ ನಲ್ಲಿ ಹಾಕಿದರೆ ಸಂಜೆಯ ಧಾರಾವಾಹಿ ಮುಗಿಯುವುದರೊಳಗೆ ಎಲ್ಲವೂ ಬರಿದು.

ಸಾಮಾನ್ಯವಾಗಿ ಮನೆಗಳಲ್ಲಿರುವ 12 ವೋಲ್ಟ್, 150 ಆಂಪಿಯರ್-ಅವರ್‌ನ ಸೀಸದ ಬ್ಯಾಟರಿಯನ್ನೇ ತೆಗೆದುಕೊಳ್ಳೋಣ. ಗುಣಿಸಿ ನೋಡಿದರೆ ಅದರಲ್ಲಿರುವುದು 1.8 ಯೂನಿಟ್. ಅರ್ಧವನ್ನು ಮಾತ್ರ ಬಳಸಬೇಕೆಂದರೆ 0.9 ಯೂನಿಟ್. ಇನ್ನು ಸಂಜೆಯ ನಾಲ್ಕು ಗಂಟೆಗಳ ಕಾಲ ವಿದ್ಯುತ್ತಿಲ್ಲವೆಂದು ಭಾವಿಸೋಣ. 9 ವಾಟಿನ ಆರು ದೀಪಗಳು, 30 ವಾಟಿನ ಹೊಸ ಬಗೆಯ ನಾಲ್ಕು ಫ್ಯಾನುಗಳು, ಟೆಲಿವಿಷನ್ನಿಗೆ 80 ವಾಟ್, ಇಂಟರ್‌ನೆಟ್ ಪೆಟ್ಟಿಗೆಗೆ 10, ಮಕ್ಕಳ ಲ್ಯಾಪ್‌ಟಾಪಿಗೂ ಫೋನುಗಳಿಗೂ ಸೇರಿ 60, ಫ್ರಿಜ್ಜಿಗೆ ಸರಾಸರಿ 40. ಎಲ್ಲ ಕೂಡಿದರೆ ಸುಮಾರು 365 ವಾಟ್. ನಾಲ್ಕು ಗಂಟೆಗೆ ಒಂದೂವರೆ ಯೂನಿಟ್. ಅದೇ ಮನೆಯಲ್ಲಿ 75 ವಾಟಿನ ಹಳೆಯ ಫ್ಯಾನುಗಳಿದ್ದರೆ? ಲೆಕ್ಕ ಎರಡು ಯೂನಿಟ್ಟನ್ನು ದಾಟುತ್ತದೆ. ದೊಡ್ಡ ಬ್ಯಾಟರಿ ಕೊಳ್ಳುವುದಕ್ಕಿಂತ ಮೊದಲು ನಾಲ್ಕು ಫ್ಯಾನುಗಳನ್ನು ಬದಲಾಯಿಸುವುದು ಅಗ್ಗದ ದಾರಿಯೆಂಬುದನ್ನು ಬ್ಯಾಟರಿ ಮಾರುವವರು ತಾವಾಗಿ ಹೇಳುವುದು ಅಪರೂಪ.

ಗೀಸರಿನ ವಿಷಯವೇ ಬೇರೆ. 2,000 ವಾಟಿನ ಗೀಸರು ಮೇಲೆ ಹೇಳಿದ ಸಂಜೆಯ ಇಡೀ ಖರ್ಚನ್ನು ಮುಕ್ಕಾಲು ಗಂಟೆಯಲ್ಲಿ ನುಂಗಿಬಿಡುತ್ತದೆ. ಇಂಡಕ್ಷನ್ ಒಲೆಯೂ, ನೀರು ಕಾಯಿಸಿಕೊಂಡು ಒಗೆಯುವ ಬಟ್ಟೆಯ ಯಂತ್ರವೂ ಅದೇ ಜಾತಿಯವು. ಇವುಗಳನ್ನು ಬ್ಯಾಟರಿಗೆ ಕಟ್ಟುವ ಮಾತನ್ನೇ ಆಡಬಾರದು.

ಇಲ್ಲಿ ಒಂದು ಸ್ವಾರಸ್ಯವನ್ನು ಹೇಳಬೇಕು. 100 ಲೀಟರು ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ಸುಮಾರು ನಾಲ್ಕು ಯೂನಿಟ್ ಶಕ್ತಿ ಬೇಕು. ಎಂದರೆ, ಬೆಂಗಳೂರಿನಲ್ಲಿಯೂ ಮೈಸೂರಿನಲ್ಲಿಯೂ ಎಷ್ಟೋ ವರ್ಷಗಳಿಂದ ಮಾಳಿಗೆಗಳ ಮೇಲೆ ಕುಳಿತಿರುವ ಬಿಸಿನೀರಿನ ಸೌರತೊಟ್ಟಿಯು ಪ್ರತಿ ಸಂಜೆ ಎರಡು ದೊಡ್ಡ ಸೀಸದ ಬ್ಯಾಟರಿಗಳಿಗಿಂತ ಹೆಚ್ಚು ಶಕ್ತಿಯನ್ನು ತನ್ನ ಹೊಟ್ಟೆಯಲ್ಲಿಟ್ಟುಕೊಂಡಿರುತ್ತದೆ. ಆಮ್ಲವಿಲ್ಲ, ಲಿಥಿಯಮ್ ಇಲ್ಲ. ಬರಿಯ ನೀರು ಮತ್ತು ಸುತ್ತ ಒಂದು ದಪ್ಪ ಹೊದಿಕೆ. ಸ್ನಾನದ ನೀರಿನ ಮಟ್ಟಿಗೆ ಇದಕ್ಕಿಂತ ಅಗ್ಗದ ಕಣಜ ಇನ್ನೊಂದಿಲ್ಲ. ಫಲಕ ಹಾಕಿಸುವ ಉತ್ಸಾಹದಲ್ಲಿ ಈ ತೊಟ್ಟಿಯನ್ನು ಕಿತ್ತು ಗುಜರಿಗೆ ಕೊಡುವವರನ್ನು ಕಂಡರೆ ನಮಗೆ ಅಯ್ಯೋ ಎನಿಸುತ್ತದೆ.

ಲಾಭವೋ, ನೆಮ್ಮದಿಯೋ?

ಹಣದ ಮಾತಿಗೆ ಬರೋಣ. ಬೆಂಗಳೂರಿನ ಬಿಸಿಲಿನಲ್ಲಿ ಒಂದು ಕಿಲೋವಾಟ್ ಫಲಕವು ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ. ಅದಕ್ಕೆ ನೂರು ಚದರ ಅಡಿಯಷ್ಟು ನೆರಳಿಲ್ಲದ ಜಾಗ ಬೇಕು. ಮೂರು ಕಿಲೋವಾಟ್ ಎಂದರೆ ದಿನಕ್ಕೆ ಹನ್ನೆರಡು ಯೂನಿಟ್. ಜುಲೈ, ಆಗಸ್ಟಿನ ಮೋಡದಲ್ಲಿ ಕಡಮೆ, ಮಾರ್ಚಿಯಲ್ಲಿ ಹೆಚ್ಚು. ಕೇಂದ್ರ ಸರ್ಕಾರವು 2024ರ ಫೆಬ್ರವರಿಯಲ್ಲಿ ಆರಂಭಿಸಿದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ ಒಂದು ಕಿಲೋವಾಟಿಗೆ 30,000, ಎರಡಕ್ಕೆ 60,000, ಮೂರಕ್ಕೂ ಅದಕ್ಕೆ ಮೇಲ್ಪಟ್ಟುದಕ್ಕೂ 78,000 ರೂಪಾಯಿ ಸಹಾಯಧನ ನಿಗದಿಯಾಯಿತು. ಇದು ಫಲಕದ ಅಳತೆಯ ಮೇಲೆ ಕೊಡುವ ಹಣ. ಬ್ಯಾಟರಿಯ ಬೆಲೆ ಈ ಲೆಕ್ಕದೊಳಗೆ ಬರುವುದಿಲ್ಲ.

ಈಗ ‘ನೆಟ್ ಮೀಟರ್’ ವ್ಯವಸ್ಥೆಯಿರುವ ಮನೆಯನ್ನು ನೋಡಿ. ಹಗಲಿನಲ್ಲಿ ಹೆಚ್ಚಾದ ವಿದ್ಯುತ್ತು ಬೀದಿಗೆ ಹೋಗುತ್ತದೆ, ರಾತ್ರಿ ಬೇಕಾದುದು ಬೀದಿಯಿಂದ ಬರುತ್ತದೆ. ಕಳೆದು ಉಳಿದುದಕ್ಕೆ ಬಿಲ್ಲು. ತಂತಿಯ ಜಾಲವೇ ಬ್ಯಾಂಕು, ಮೀಟರೇ ಪಾಸ್‌ಬುಕ್ಕು. ಇಟ್ಟ ಯೂನಿಟ್ಟಿಗೆ ಯೂನಿಟ್ಟು ಹಿಂದಕ್ಕೆ ಸಿಗುತ್ತಿರುವಾಗ ಮನೆಯಲ್ಲಿ ಬೇರೆ ಪೆಟ್ಟಿಗೆ ಏಕೆ?

ಒಂದು ಲೆಕ್ಕ ಹಾಕಿ ನೋಡಬಹುದು. ಐದು ಯೂನಿಟ್ ಹಿಡಿಯುವ ಲಿಥಿಯಮ್ ಬ್ಯಾಟರಿಗೆ ಒಂದು ಲಕ್ಷ ರೂಪಾಯಿ ಎಂದು ಹಿಡಿಯಿರಿ. ಪ್ರತಿದಿನ ನಾಲ್ಕು ಯೂನಿಟ್ ತುಂಬಿ ತೆಗೆದು ಹತ್ತು ವರ್ಷ ನಡೆಸಿದರೆ 14,600 ಯೂನಿಟ್. ಒಂದೊಂದು ಯೂನಿಟ್ಟನ್ನು ಹಗಲಿನಿಂದ ರಾತ್ರಿಗೆ ಹೊತ್ತು ತರುವ ಕೂಲಿಯೇ ಆರು ರೂಪಾಯಿ 85 ಪೈಸೆಯ ಹತ್ತಿರ ಬೀಳುತ್ತದೆ. ಸರಬರಾಯಿ ಕಂಪನಿಯು ನಮ್ಮ ಮನೆಬಾಗಿಲಿಗೆ ತಂದು ಕೊಡುವ ಯೂನಿಟ್ಟಿನ ದರವೇ ಸುಮಾರು ಆರು ರೂಪಾಯಿ. ಬಡ್ಡಿಯನ್ನು ನಾವು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. 2023ರಿಂದ ಗೃಹಜ್ಯೋತಿ ಯೋಜನೆಯಡಿ 200 ಯೂನಿಟ್ಟಿನ ಮಿತಿಯೊಳಗೆ ಶೂನ್ಯ ಬಿಲ್ಲು ಪಡೆಯುತ್ತಿರುವ ಮನೆಯವರಿಗಂತೂ, ಬಿಲ್ಲು ಉಳಿಸುವ ಸಲುವಾಗಿ ಬ್ಯಾಟರಿಯಿರಲಿ, ಫಲಕವನ್ನು ಹಾಕಿಸುವುದಕ್ಕೂ ಕಾರಣ ಕಾಣದು.

ಹಾಗಾದರೆ ಕ್ಯಾಲಿಫೋರ್ನಿಯದಲ್ಲಿಯೂ ಆಸ್ಟ್ರೇಲಿಯದಲ್ಲಿಯೂ ಜನ ಮನೆಮನೆಗೆ ಬ್ಯಾಟರಿ ಕೊಳ್ಳುತ್ತಿರುವುದೇಕೆ? ಅಲ್ಲಿಯ ಬ್ಯಾಂಕಿನ ಶರತ್ತುಗಳು ಬದಲಾದವು. ಕ್ಯಾಲಿಫೋರ್ನಿಯದಲ್ಲಿ 2023ರ ಏಪ್ರಿಲ್‌ನಿಂದ ಹೊಸದಾಗಿ ಫಲಕ ಹಾಕಿಸಿದವರು ಬೀದಿಗೆ ಬಿಟ್ಟ ವಿದ್ಯುತ್ತಿಗೆ ಸಿಗುವ ಬೆಲೆ ಬಹಳವಾಗಿ ಇಳಿಯಿತು. ಸಂಜೆ ಕೊಳ್ಳುವ ವಿದ್ಯುತ್ತಿನ ಬೆಲೆ ಮಾತ್ರ ಏರಿಯೇ ಇತ್ತು. ನಾಲ್ಕು ದಶಲಕ್ಷಕ್ಕೂ ಹೆಚ್ಚು ಮಾಳಿಗೆಗಳ ಮೇಲೆ ಫಲಕಗಳಿರುವ ಆಸ್ಟ್ರೇಲಿಯದಲ್ಲಿ ಮಧ್ಯಾಹ್ನದ ವಿದ್ಯುತ್ತಿಗೆ ಕೊಳ್ಳುವವರೇ ಇಲ್ಲದಂತಾಗಿ, 2025ರ ಜುಲೈ 1ರಿಂದ ಅಲ್ಲಿಯ ಸರ್ಕಾರವೇ ಮನೆಬ್ಯಾಟರಿಗಳ ಬೆಲೆಯಲ್ಲಿ ರಿಯಾಯಿತಿ ಕೊಡತೊಡಗಿತು. ನಮ್ಮಲ್ಲಿಯೂ ಹಗಲು ಹೊತ್ತಿನ ದರ ಕಡಮೆ, ಸಂಜೆಯ ದರ ಹೆಚ್ಚು ಎಂಬ ಪದ್ಧತಿಯನ್ನು ಸ್ಮಾರ್ಟ್ ಮೀಟರುಗಳೊಡನೆ ತರಬೇಕೆಂದು ಕೇಂದ್ರ ಸರ್ಕಾರ 2023ರಲ್ಲಿ ನಿಯಮ ಮಾಡಿದೆ. ಅದು ಮನೆಗಳ ಬಿಲ್ಲಿನವರೆಗೆ ಇಳಿದು ಬರುವ ದಿನ ಮೇಲಿನ ಲೆಕ್ಕವನ್ನು ಹೊಸದಾಗಿ ಹಾಕಬೇಕಾದೀತು.

ಇಡೀ ನಾಡಿನ ಮಟ್ಟದಲ್ಲಿಯೂ ಇದೇ ಪ್ರಶ್ನೆ. ಪಾವಗಡದ ಸುಮಾರು 13,000 ಎಕರೆಯ ಸೌರ ಉದ್ಯಾನ ಮಧ್ಯಾಹ್ನ ಕೊಡುವ ವಿದ್ಯುತ್ತು ಸಂಜೆ ಏಳಕ್ಕೆ ಇಲ್ಲ. ಅದನ್ನು ಎಲ್ಲಿಯಾದರೂ ಕೂಡಿಡಲೇಬೇಕು. ಹಗಲಿನ ವಿದ್ಯುತ್ತಿನಿಂದ ಗೇರುಸೊಪ್ಪೆಯ ನೀರನ್ನು ಮೇಲಿನ ತಲಕಳಲೆ ಜಲಾಶಯಕ್ಕೆ ಎತ್ತಿ, ಸಂಜೆ ಕೆಳಗೆ ಬಿಟ್ಟು 2,000 ಮೆಗಾವಾಟ್ ಪಡೆಯುವ ಶರಾವತಿ ಯೋಜನೆ ಹುಟ್ಟಿದುದು ಈ ಕಾರಣಕ್ಕೆ. ಸಿಂಗಳೀಕಗಳ ಕಾಡಿನ ನಡುವೆ ಸುರಂಗ ಕೊರೆಯುವುದಕ್ಕೆ ವಿರೋಧ ಎದ್ದುದೂ ಅಷ್ಟೇ ಸಹಜ. ಲಕ್ಷಾಂತರ ಮನೆಗಳ ಸಣ್ಣ ಬ್ಯಾಟರಿಗಳು ಈ ಹೊರೆಯಲ್ಲಿ ಸ್ವಲ್ಪವನ್ನಾದರೂ ಹೊರಬಲ್ಲವು. ಆದರೆ ಆ ಉಪಕಾರಕ್ಕೆ ಬೆಲೆ ಕೊಡುವ ಏರ್ಪಾಡಿಲ್ಲದೆ ಮಧ್ಯಮ ವರ್ಗದ ಗೃಹಸ್ಥರು ತಮ್ಮ ಉಳಿತಾಯವನ್ನು ತಂದು ಸುರಿಯಬೇಕೆಂದು ಬಯಸುವುದು ನ್ಯಾಯವಲ್ಲ.

ಇಷ್ಟು ಹೇಳಿದ ಮೇಲೆ ಬ್ಯಾಟರಿಯೇ ಬೇಡವೆಂದು ನಮ್ಮ ಅಭಿಪ್ರಾಯವೆಂದುಕೊಳ್ಳಬಾರದು. ಅದನ್ನು ಕೊಳ್ಳಬೇಕಾದುದು ಕತ್ತಲೆಗಾಗಿ, ಬಿಲ್ಲಿಗಾಗಿ ಅಲ್ಲ. ಇದನ್ನೇ ನಾವು ಒತ್ತಿ ಹೇಳುವುದು. ಮನೆಯಲ್ಲಿ ವಯಸ್ಸಾದ ತಂದೆಯವರಿಗೆ ರಾತ್ರಿಯೆಲ್ಲ ಆಮ್ಲಜನಕದ ಕಾನ್ಸೆಂಟ್ರೇಟರ್ ಬೇಕಾಗಿರುತ್ತದೆ. ಐದು ಲೀಟರಿನ ಅಂತಹ ಯಂತ್ರ ಸುಮಾರು 350 ವಾಟ್ ಎಳೆಯುತ್ತದೆ. ಎಂಟು ಗಂಟೆಗೆ 2.8 ಯೂನಿಟ್. ಮೆಟ್ಟಿಲ ಕೆಳಗಿನ ಒಂಟಿ ಯು.ಪಿ.ಎಸ್. ಬ್ಯಾಟರಿ ಮಧ್ಯರಾತ್ರಿಗೆ ಮುಂಚೆಯೇ ಕೈಬಿಡುವುದು ಖಂಡಿತ. ಅಂತಹ ಮನೆಯಲ್ಲಿ ಐದು ಯೂನಿಟ್ಟಿನ ಬ್ಯಾಟರಿ ದುಂದಲ್ಲ. ಅದರ ಮೇಲೆ ಒಂದು ಆಮ್ಲಜನಕದ ಸಿಲಿಂಡರನ್ನೂ ಇಟ್ಟಿರತಕ್ಕದ್ದು, ಏಕೆಂದರೆ ಯಂತ್ರವೆಂದ ಮೇಲೆ ಯಾವುದೂ ಕೆಡಬಹುದು. ಇನ್ಸುಲಿನ್ ಇಡುವ ಫ್ರಿಜ್ಜು, ಮನೆಯಿಂದಲೇ ನಡೆಸುವ ಉದ್ಯೋಗ, ಮಳೆಗಾಲದಲ್ಲಿ ಎರಡು ಮೂರು ದಿನ ತಂತಿ ಬೀಳುವ ಮಲೆನಾಡಿನ ತೋಟದ ಮನೆ, ಇವುಗಳಿಗೂ ಇದೇ ಮಾತು.

ಮನೆಯ ಪಾರುಪತ್ಯಗಾರ

ಹೈಬ್ರಿಡ್ ಇನ್ವರ್ಟರು ಹಿಂದಿನ ಕಾಲದ ದೊಡ್ಡ ಮನೆತನಗಳ ಪಾರುಪತ್ಯಗಾರನಂತೆ. ಬಂದ ಧಾನ್ಯದಲ್ಲಿ ಇಂದಿನ ಅಡುಗೆಗೆಷ್ಟು, ಕಣಜಕ್ಕೆಷ್ಟು, ಸಂತೆಗೆಷ್ಟು ಎಂದು ಆತನು ನಿರ್ಧರಿಸುವಂತೆ, ಇದೂ ಕ್ಷಣಕ್ಷಣಕ್ಕೂ ನಿರ್ಧರಿಸುತ್ತದೆ. ಬಿಸಿಲಿನಿಂದ ಬಂದುದು ಮೊದಲು ಮನೆಯ ಬಳಕೆಗೆ, ಮಿಕ್ಕಿದ್ದು ಬ್ಯಾಟರಿಗೆ, ಅದೂ ತುಂಬಿದ ಮೇಲೆ ಬೀದಿಗೆ. ಸಂಜೆ ಈ ಕ್ರಮ ತಿರುಗುಮುರುಗಾಗುತ್ತದೆ. ಮೊಬೈಲಿನ ಪರದೆಯ ಮೇಲೆ ಇದೆಲ್ಲ ಬಣ್ಣಬಣ್ಣದ ಗೆರೆಗಳಾಗಿ ಕಾಣುವುದರಿಂದ ಮೊದಲ ತಿಂಗಳು ಮನೆಯವರಿಗೆಲ್ಲ ಅದೇ ಆಟ. ಆಮೇಲೆ ಯಾರೂ ನೋಡುವುದಿಲ್ಲ. ನೋಡಬೇಕಾದ ಅಗತ್ಯವೂ ಇಲ್ಲ.

ಆದರೆ ಯಜಮಾನರು ಹೇಳಿಕೊಡದೆ ಪಾರುಪತ್ಯಗಾರನಿಗೆ ತಿಳಿಯದ ಸಂಗತಿಯೊಂದುಂಟು: ಆಪತ್ಕಾಲಕ್ಕೆಂದು ಕಣಜದ ತಳದಲ್ಲಿ ಎಷ್ಟು ಉಳಿಸಬೇಕು? ಅದನ್ನು ಯಂತ್ರದಲ್ಲಿ ಶೇಕಡಾವಾರು ಗೊತ್ತುಮಾಡಬೇಕು. ಏಪ್ರಿಲ್, ಮೇ ತಿಂಗಳ ಗಾಳಿಮಳೆಯ ವಾರಗಳಲ್ಲಿ ಎಂಬತ್ತರಷ್ಟು ಉಳಿಸಿಟ್ಟು, ಚಳಿಗಾಲದ ಶಾಂತವಾದ ದಿನಗಳಲ್ಲಿ ಮೂವತ್ತಕ್ಕೆ ಇಳಿಸಿದರೆ ಸಾಕು. ರೋಗಿಯಿರುವ ಮನೆಯಲ್ಲಿ ವರ್ಷವಿಡೀ ಇಳಿಸದಿರುವುದು ಮೇಲು.

ಇದಕ್ಕಿಂತ ಮುಖ್ಯವಾದ ಬುದ್ಧಿವಂತಿಕೆಯ ಕೆಲಸ ನಡೆಯುವುದು ಮೊಬೈಲಿನಲ್ಲಿ ಅಲ್ಲ, ಫ್ಯೂಸ್ ಬೋರ್ಡಿನಲ್ಲಿ. ವಿದ್ಯುತ್ತು ಹೋದಾಗಲೂ ನಡೆಯಲೇಬೇಕಾದ ದೀಪ, ಫ್ಯಾನು, ಫ್ರಿಜ್ಜು, ರೋಗಿಯ ಕೋಣೆಯ ಪ್ಲಗ್ಗು, ಇವುಗಳ ತಂತಿಗಳನ್ನು ಬೇರ್ಪಡಿಸಿ ಒಂದು ಪ್ರತ್ಯೇಕ ಸರ್ಕ್ಯೂಟಿಗೆ ಹಾಕಿಸಬೇಕು. ಗೀಸರು, ಒಲೆ, ಏರ್‌ಕಂಡಿಷನರುಗಳು ಅದರ ಹೊರಗುಳಿಯಬೇಕು. ಹೊಸ ಮನೆ ಕಟ್ಟುವವರು ವೈರಿಂಗ್ ಕಾಲದಲ್ಲಿಯೇ ಇದನ್ನು ಹೇಳಿದರೆ ಅಲ್ಪ ಖರ್ಚು. ಗೋಡೆಗೆ ಬಣ್ಣ ಬಳಿದ ಮೇಲೆ ಹೇಳಿದರೆ ಗೋಡೆಯನ್ನೂ ಕೆಡವಬೇಕು, ಮನೆಯವರ ಮಾತನ್ನೂ ಕೇಳಬೇಕು.

ಬ್ಯಾಟರಿ ಇರುವ ಮನೆಯಲ್ಲಿ ಕೆಲಸಗಳ ಹೊತ್ತನ್ನು ಬದಲಿಸಿದರೂ ಬಹಳ ಅನುಕೂಲ. ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರೆತ್ತುವ ಒಂದು ಅಶ್ವಶಕ್ತಿಯ ಮೋಟಾರು 746 ವಾಟಿನದು. ಅದನ್ನು ಬೆಳಗ್ಗೆ ಆರಕ್ಕೆ ಹಾಕುವ ಬದಲು ಹನ್ನೊಂದಕ್ಕೆ ಹಾಕಲು ಒಂದು ಸಣ್ಣ ಟೈಮರ್ ಸಾಕು. ಇಸ್ತ್ರಿ, ಬಟ್ಟೆ ಒಗೆಯುವುದು, ದೋಸೆಹಿಟ್ಟು ರುಬ್ಬುವುದು, ವಿದ್ಯುತ್ ಸ್ಕೂಟರಿಗೆ ಚಾರ್ಜು ತುಂಬುವುದು, ಇವೆಲ್ಲ ನೆತ್ತಿಯ ಮೇಲೆ ಸೂರ್ಯನಿರುವಾಗ ಮುಗಿದರೆ ಸಂಜೆಗೆ ಬ್ಯಾಟರಿ ತುಂಬಿರುತ್ತದೆ, ಚಿಕ್ಕ ಬ್ಯಾಟರಿಯೇ ಸಾಲುತ್ತದೆ. ದಂಪತಿಗಳಿಬ್ಬರೂ ಕಚೇರಿಗೆ ಹೋಗುವ ಮನೆಯಲ್ಲಿ ಇದನ್ನು ನೋಡಿಕೊಳ್ಳುವವರು ಯಾರು ಎಂದು ಗೃಹಿಣಿಯರು ಕೇಳುವುದು ಯುಕ್ತವೇ. ಮೋಟಾರನ್ನೂ ಬಟ್ಟೆಯ ಯಂತ್ರವನ್ನೂ ಟೈಮರಿಗೆ ಬಿಡಬಹುದು. ಇಸ್ತ್ರಿ ಭಾನುವಾರಕ್ಕೆ ಕಾಯಬೇಕು. ನೆಟ್ ಮೀಟರ್ ಮಾತ್ರ ಇದ್ದು ಬ್ಯಾಟರಿಯಿಲ್ಲದ ಮನೆಯವರು, ದರ ಹಗಲಿರುಳೂ ಒಂದೇ ಆಗಿರುವವರೆಗೆ, ಈ ಅವಸ್ಥೆ ಪಡಬೇಕಾಗಿಲ್ಲ.

ಕೊಳ್ಳುವಾಗ ಮಾರುವವರನ್ನು ಕೇಳಬೇಕಾದ ಕೆಲವು ಮಾತುಗಳನ್ನು ಮರೆಯಬಾರದು. ಇಂಟರ್‌ನೆಟ್ ಇಲ್ಲದಾಗಲೂ ಈ ಯಂತ್ರ ತನ್ನ ಕೆಲಸ ಮಾಡುವುದೇ? ಬ್ಯಾಟರಿ ಪೂರ್ತಿ ಬರಿದಾಗಿ ಬೀದಿಯಲ್ಲಿಯೂ ವಿದ್ಯುತ್ತಿಲ್ಲದಿದ್ದರೆ, ಮರುದಿನ ಬಿಸಿಲು ಬಿದ್ದೊಡನೆ ತಾನಾಗಿ ಎಚ್ಚರಗೊಳ್ಳುವುದೇ? ಹತ್ತು ವರ್ಷದ ವಾರಂಟಿ ಎಂದರೆ ಹತ್ತನೆಯ ವರ್ಷ ಬ್ಯಾಟರಿಯಲ್ಲಿ ಎಷ್ಟು ಪಾಲು ಶಕ್ತಿ ಉಳಿದಿರಬೇಕೆಂದು ಬರೆದುಕೊಟ್ಟಿದ್ದಾರೆ? ಉತ್ತರ ಬಾಯಿಮಾತಿನಲ್ಲಿ ಬಂದರೆ ಸಾಲದು, ಕಾಗದದ ಮೇಲೆ ಬರಬೇಕು.

ಇನ್ನು ಮೆಟ್ಟಿಲ ಕೆಳಗಿನ ಹಳೆಯ ಸೀಸದ ಬ್ಯಾಟರಿಯನ್ನು ಹೊರಗೆ ಹಾಕುವ ದಿನ ಬಂದಾಗ ಬೀದಿಯಲ್ಲಿ ಕೂಗುತ್ತ ಹೋಗುವ ಗುಜರಿಯವನಿಗೆ ಕೊಡಬೇಡಿ. ಅಂತಹ ಎಷ್ಟೋ ಬ್ಯಾಟರಿಗಳನ್ನು ಹಿತ್ತಲುಗಳಲ್ಲಿ ಒಡೆದು, ಆಮ್ಲವನ್ನು ಚರಂಡಿಗೆ ಚೆಲ್ಲಿ, ಸೀಸವನ್ನು ಬಯಲಿನಲ್ಲಿಯೇ ಕರಗಿಸುತ್ತಾರೆ. ಅದರ ಹೊಗೆ, ಧೂಳು ಆಡುವ ಮಕ್ಕಳ ರಕ್ತಕ್ಕೆ ಸೇರಿ ಬುದ್ಧಿಯ ಬೆಳವಣಿಗೆಯನ್ನೇ ಕುಂದಿಸುತ್ತದೆ. 2022ರಲ್ಲಿ ಬಂದ ಬ್ಯಾಟರಿ ತ್ಯಾಜ್ಯದ ನಿಯಮಗಳ ಪ್ರಕಾರ ಹಳೆಯವುಗಳನ್ನು ಸಂಗ್ರಹಿಸಿ ಸರಿಯಾದ ಕಾರ್ಖಾನೆಗೆ ಸೇರಿಸುವ ಹೊಣೆ ತಯಾರಕರದು. ಹೊಸದನ್ನು ಕೊಂಡ ಅಂಗಡಿಯಲ್ಲಿಯೇ ಹಳೆಯದನ್ನು ಒಪ್ಪಿಸಿ, ಅದರ ಬೆಲೆಯನ್ನು ಬಿಲ್ಲಿನಲ್ಲಿ ಕಳೆಯಿಸಿಕೊಂಡು, ಆ ಬಿಲ್ಲನ್ನು ವಾರಂಟಿಯ ಕಾಗದದೊಡನೆ ಎತ್ತಿಟ್ಟುಕೊಂಡರಾಯಿತು.